ಅಮ್ಮನ ಬಗ್ಗೆ ಏನ್ ಬರೀಲಿ ಅಕ್ಕಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಮೈಸೂರಿನ ಎನ್.ಆರ್. ಮೊಹಲ್ಲಾದವಳು. ಅಮ್ಮ ತೀರ್ಕೊಂಡು ಹತ್ತು ತಿಂಗಳಾಯ್ತು, ವರ್ಷದ ಪೂಜೆ ದಿನ ಹಂಚೋಕೆ ಒಂದು ಚಿಕ್ಕ ನೆನಪಿನ ಪುಸ್ತಕ ಮಾಡೋಣ ಅಂತ ಅಣ್ಣ ಹೇಳ್ದ, ಬರೆಯೋ ಕೆಲಸ ನನ್ ಮೇಲೆ ಬಂತು. ಕೂತ್ರೆ ಒಂದೇ ಸಾಲು ಬರತ್ತೆ, 'ಆದರ್ಶ ಪತ್ನಿ, ಮಮತೆಯ ತಾಯಿ, ಚರ್ಚಿನ ಸೇವಕಿ' ಅಂತ, ಆಮೇಲೆ ಪೆನ್ನು ನಿಂತೋಗತ್ತೆ. ಅಮ್ಮ ಓದಿದ್ದು ಏಳನೇ ಕ್ಲಾಸು. ಕೆ.ಆರ್. ನಗರದ ಕಡೆ ಹಳ್ಳಿಯಿಂದ ಮದುವೆಯಾಗಿ ಬಂದ್ರು, ಅಪ್ಪ ರೈಲ್ವೆ ವರ್ಕ್‌ಶಾಪಲ್ಲಿದ್ರು. ಬೆಳಿಗ್ಗೆ ಡಬ್ಬಿ ಕಟ್ಟಿ, ನಮ್ಮನ್ನ ಸ್ಕೂಲಿಗೆ ಕಳ್ಸಿ, ಉಳಿದ ಹೊತ್ತೆಲ್ಲ ಚರ್ಚು. ದೇವರಾಜ ಮಾರ್ಕೆಟಿಂದ ಹೂವು ತರೋದು, ಪೂಜೆ ಬಟ್ಟೆ ಒಗೆಯೋದು, ಭಾನುವಾರ ಮೊದಲ ಪರಮಪ್ರಸಾದದ (ಪೂಜೇಲಿ ಕೊಡೋ ರೊಟ್ಟಿ ಮೊದಲನೇ ಸಲ ತಗೊಳ್ಳೋ) ಮಕ್ಕಳಿಗೆ ಕ್ಯಾಟಕಿಸಂ, ಅಂದ್ರೆ ಧರ್ಮಪಾಠ, ಹೇಳ್ಕೊಡೋದು, ಮೂವತ್ತು ವರ್ಷ ಇದೇ. ನಾನು ಪಿಯುಸಿಲಿದ್ದಾಗ ಒಂದ್ಸಲ 'ನಿಂಗೆ ಮನೆಗಿಂತ ಚರ್ಚೇ ಜಾಸ್ತಿ' ಅಂತ ಕೂಗಾಡಿದ್ದೆ. ಅಮ್ಮ ಮಾತಾಡ್ದೆ ಬಟ್ಟೆ ಒಗೀತಾ ಕೂತಿದ್ರು, ಆ ಚಿಕ್ಕ ಬಿಳಿ ಬಟ್ಟೆಗಳನ್ನ ಬೇರೆ ಬೇಸಿನ್ನಲ್ಲೇ ನೆನೆಸೋರು, ಆ ನೀರನ್ನ ಮೋರಿಗೆ ಚೆಲ್ದೆ ದಾಸವಾಳದ ಬುಡಕ್ಕೆ ಹಾಕೋರು. ಯಾಕಮ್ಮ ಅಂತ ಒಂದಿನಾನೂ ಕೇಳ್ಲಿಲ್ಲ. ಅಪ್ಪ ಈಗ ಅಮ್ಮನ ಸುದ್ದಿ ಎತ್ತಿದ್ರೆ ಎದ್ದು ಹೊರಗೆ ಹೋಗ್ತಾರೆ. ನಾನು ಏನ್ ಬರೀಲಿ?

ಉತ್ತರ: ತಂಗೀ, ನಿನ್ ಕಾಗದ ನಾಕು ಸಲ ಓದ್ದೆ. ಬರೆಯೋಕೆ ಏನೂ ಇಲ್ಲ ಅಂತೀಯ, ಆದ್ರೆ ಆ ದಾಸವಾಳದ ಬುಡದ ನೀರೊಂದೇ ಸಾಕು, ಅಲ್ಲಿಂದಾನೇ ಶುರು ಮಾಡು.

ಆ ನೀರಿನ ವಿಷಯ ಹೇಳ್ತೀನಿ ಕೇಳು. ಬಲಿಪೀಠದ ಮೇಲೆ ಪಾತ್ರೆ, ತಟ್ಟೆ ಕೆಳಗೆ ಹಾಸೋ ಚೌಕದ ಬಿಳಿ ಬಟ್ಟೆ, ಪಾತ್ರೆ ಒರೆಸೋ ಬಟ್ಟೆ, ಇವುಗಳಲ್ಲಿ ಪರಮಪ್ರಸಾದದ ಪುಡಿನೋ ದ್ರಾಕ್ಷಾರಸದ ತೊಟ್ಟೋ ಅಂಟ್ಕೊಂಡಿರಬಹುದು. ಅದನ್ನ ಕ್ರಿಸ್ತರ ದೇಹ, ರಕ್ತ ಅಂತ ನಂಬೋದ್ರಿಂದ ಮೊದಲನೇ ನೀರು ಚರಂಡಿಗೆ ಹೋಗಬಾರ್ದು. ಸೋಪು ಹಾಕದೆ ಬರೀ ನೀರಲ್ಲಿ ನೆನೆಸಿ, ಆ ನೀರನ್ನ ಮಣ್ಣಿಗೆ ಸುರೀಬೇಕು, ಕೆಲವು ಚರ್ಚಲ್ಲಿ ನೇರ ಮಣ್ಣಿಗಿಳಿಯೋ ಹಾಗೆ ಅದಕ್ಕಂತಾನೇ ಒಂದು ತೊಟ್ಟಿ ಇರತ್ತೆ. ಆಮೇಲೆ ಮಾಮೂಲಿ ಒಗೆತ. ಏಳನೇ ಕ್ಲಾಸು ಓದಿದ ನಿಮ್ಮಮ್ಮನಿಗೆ ಇದು ಗೊತ್ತಿತ್ತು, ಯಾರೂ ನೋಡ್ದಿರೋ ಹಿತ್ತಲಲ್ಲೂ ಮೂವತ್ತು ವರ್ಷ ತಪ್ಪಿಸ್ಲಿಲ್ಲ. ನೀನು ಕೂಗಾಡಿದ ದಿನಾನೂ ತಪ್ಪಿಸ್ಲಿಲ್ಲ ನೋಡು. ಆ ಜಗಳಾನೂ ಬರಿ, ಮುಚ್ಚಿಡ್ಬೇಡ.

ನನ್ ದೊಡ್ಡಮ್ಮ ಒಬ್ರಿದ್ರು, ತಪಸ್ಸು ಕಾಲ, ಅಂದ್ರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಬರೋ ಮುಂಚೆ ಬೀದಿ ಮನೆಮನೆಗೆ ಹೋಗಿ, ಹಿಂದಿನ ವರ್ಷ ಗರಿಗಳ ಭಾನುವಾರ ತಂದು ಶಿಲುಬೆ ಹಿಂದೆ ಸಿಕ್ಕಿಸಿಟ್ಟಿರ್ತಾರಲ್ಲ ಆ ಒಣಗರಿ ಎಲ್ಲಾ ಬ್ಯಾಗಲ್ಲಿ ತುಂಬ್ಕೊಂಡು ಬರೋರು. ಅದನ್ನ ಸುಟ್ಟ ಬೂದೀನೇ ತಪಸ್ಸು ಕಾಲ ಶುರುವಾಗೋ ವಿಭೂತಿ ಬುಧವಾರ ನಮ್ ಹಣೆಗೆ ಬರೋದು. ಬೂದಿ ಹಚ್ಚೋ ಫಾದರ್ ಎಲ್ರಿಗೂ ಕಾಣ್ತಾರೆ, ಗರಿ ಹೊತ್ತು ತಂದೋಳು ಕಾಣಲ್ಲ. ದೊಡ್ಡಮ್ಮನ ಬಗ್ಗೆ ನಾವ್ಯಾರೂ ಬರೀಲಿಲ್ಲ, ಅದು ನಂಗೆ ಇವತ್ತಿಗೂ ಕೊರೀತದೆ, ಅದಕ್ಕೇ ನಿಂಗೆ ಇಷ್ಟು ಒತ್ತಿ ಹೇಳ್ತಿರೋದು.

ನಿಮ್ಮೂರಿನ ಸಂತ ಫಿಲೋಮಿನಾ ಚರ್ಚನ್ನೇ ತಗೋ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ರು, ಸಂತಳ ಪವಿತ್ರ ಅವಶೇಷ ಮೈಸೂರಿಗೆ ಬರೋ ಹಾಗೆ ಮಾಡಿದ್ದು ಮಹಾರಾಜರ ಕಾರ್ಯದರ್ಶಿ ಆಗಿದ್ದ ಥಂಬೂಚೆಟ್ಟರು, ಗೋಪುರ 175 ಅಡಿ, ಇಷ್ಟೆಲ್ಲ ಯಾರನ್ನ ಕೇಳಿದ್ರೂ ಸಿಗತ್ತೆ. ಅಲ್ಲಿ ಗುಡಿಸ್ದೋರು, ಹೂವು ಕಟ್ದೋರ ಹೆಸರು ಎಲ್ಲಿ ಸಿಗತ್ತೆ? ಆದ್ರೆ ಫಿಲೋಮಿನಾ ಅನ್ನೋ ಹುಡುಗಿ ಬಗ್ಗೆ ನಮಗೆ ಗೊತ್ತಾಗಿದ್ದೇ ಅವಳ ಹೆಸರಿಂದ ಕಣಮ್ಮ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧೀಲಿ ಮೂಳೆ ಸಿಕ್ತು, ಮುಚ್ಚಿದ್ದ ಮೂರು ಹೆಂಚಿನ ಮೇಲೆ ಬರೆದಿದ್ದನ್ನ ಸರಿಯಾಗಿ ಜೋಡಿಸಿ ಓದಿದ್ರೆ 'ಫಿಲೋಮಿನಾ, ನಿನಗೆ ಶಾಂತಿ' ಅಂತ ಬಂತು. ಯಾರೋ ಒಬ್ರು ಹೆಂಚಿನ ಮೇಲೆ ಹೆಸರು ಬರೆದಿದ್ದಕ್ಕೆ ಮೈಸೂರಲ್ಲಿ ಇವತ್ತು ಆ ಹೆಸರಲ್ಲಿ ಮೇಣದಬತ್ತಿ ಉರೀತಿದೆ.

ಹಾಗಾಗಿ ಮೊದಲನೇ ಪುಟದಲ್ಲಿ ಅಮ್ಮನ ಪೂರ್ತಿ ಹೆಸರು ಹಾಕು, 'ಇಂಥೋರ ಧರ್ಮಪತ್ನಿ' ಅನ್ನೋದು ಆಮೇಲೆ ಬರ್ಲಿ. ತವರೂರು, ಅಪ್ಪ ಅಮ್ಮ ಯಾರು, ಜ್ಞಾನಸ್ನಾನ ಆಗಿದ್ದು ಎಲ್ಲಿ, ಇದೆಲ್ಲ ಊರಿನ ಚರ್ಚಿನ ರಿಜಿಸ್ಟರಲ್ಲಿ ಇರತ್ತೆ, ಹೋಗಿ ನೋಡ್ಕೊಂಡು ಬಾ. ಆ ಕಡೆಯೋರು ಅಂದ್ಮೇಲೆ ಚಿಕ್ಕೋರಿದ್ದಾಗ ಜೂನ್ 13ಕ್ಕೆ ಡೋರನಹಳ್ಳಿ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗೇ ಇರ್ತಾರೆ, ಯಾರ ಜೊತೆ, ಹೇಗೆ ಅಂತ ಸೋದರಮಾವಂದಿರನ್ನ ಕೇಳು.

ಕ್ಯಾಟಕಿಸಂ ಬಗ್ಗೆ ಎರಡು ಸಾಲಲ್ಲಿ ಮುಗಿಸ್ಬೇಡ. ಮೊದಲ ಪರಮಪ್ರಸಾದದ ಮಕ್ಕಳು ಅಂದ್ರೆ ಏಳೆಂಟು ವರ್ಷದ ತುಂಟರು, ಅವ್ರನ್ನ ಕೂರಿಸಿ ಪ್ರಾರ್ಥನೆ ಬಾಯಿಪಾಠ ಮಾಡ್ಸೋದು ಸುಲಭಾನಾ? ಪೋಪ್ ಫ್ರಾನ್ಸಿಸ್ 2021ರ ಮೇ ತಿಂಗಳಲ್ಲಿ ಈ ಧರ್ಮಬೋಧಕರ ಕೆಲಸಕ್ಕೆ ಅಧಿಕೃತ ಸೇವಾಪದವಿ ಅಂತಾನೇ ಮಾನ್ಯತೆ ಕೊಟ್ರು. ಆ ಪದವಿ ಬಿಷಪ್ಪರು ವಿಧಿಪೂರ್ವಕ ಕೊಡೋದು, ನಿಮ್ಮಮ್ಮನಿಗೆ ಸಿಕ್ಕಿಲ್ಲ ಅಂದ್ರೆ ಹೆಸರಿನ ಮುಂದೆ ಅದನ್ನ ಹಾಕ್ಬೇಡ, ಆದ್ರೆ ಎಷ್ಟು ವರ್ಷ ಹೇಳ್ಕೊಟ್ರು ಅನ್ನೋ ಲೆಕ್ಕ ಹಾಕು. ಅವ್ರ ಹತ್ರ ಕಲಿತೋರಲ್ಲಿ ಈಗ ಮಕ್ಕಳ ತಂದೆತಾಯಿ ಆಗಿರೋರೇ ಇರ್ತಾರೆ, ಹತ್ತು ಜನಕ್ಕೆ ಫೋನ್ ಮಾಡು, 'ಟೀಚರ್ ಅಂದ್ರೆ ಏನ್ ನೆನಪು' ಅಂತ ಕೇಳು, ಅವ್ರ ಮಾತನ್ನ ಅವ್ರ ಬಾಯಲ್ಲಿ ಬಂದ ಹಾಗೇ ಬರ್ಕೋ, ತಿದ್ದೋಕೆ ಹೋಗ್ಬೇಡ.

ಅಪ್ಪನ ವಿಷಯ. ಎದ್ದು ಹೋಗ್ತಾರೆ ಅಂದ್ರೆ ಹೇಳೋಕಿಲ್ಲ ಅಂತಲ್ಲಮ್ಮ, ತುಂಬಾ ಇದೆ ಅಂತ. 'ಅಮ್ಮ ಹೇಗಿದ್ರು' ಅಂತ ಕೇಳಿದ್ರೆ ಯಾವ ಗಂಡಸೂ ಉತ್ರ ಕೊಡಲ್ಲ. 'ಡಬ್ಬಿಗೆ ಏನೇನ್ ಹಾಕ್ತಿದ್ರಪ್ಪ, ಶಿಫ್ಟ್ ಲೇಟಾದ್ರೆ ಊಟ ಮಾಡ್ದೆ ಕಾಯ್ತಿದ್ರಾ' ಅಂತ ಕಾಫಿ ಕೈಗೆ ಕೊಟ್ಟು ಕೇಳು. ನವೆಂಬರ್ 2 ಸಕಲ ಮೃತರ ದಿನ ಅಪ್ಪನ್ನ ಸಮಾಧಿ ಹತ್ರ ಕರ್ಕೊಂಡು ಹೋಗು, ಹೂವು ನೀನೇ ತಗೋಬೇಡ, ಅವ್ರ ಕೈಲಿ ತರ್ಸು, ಅಮ್ಮ ಯಾವ ಅಂಗಡೀಲಿ ತರ್ತಿದ್ರು ಅಂತ ಅವ್ರಿಗೆ ಗೊತ್ತಿರತ್ತೆ.

ಇನ್ನೊಂದು, 'ಒಂದು ದಿನವೂ ಬೇಸರಿಸಿಕೊಂಡವರಲ್ಲ' ಅಂತ ಮಾತ್ರ ಬರೀಬೇಡ. ಕಾಲು ನೋವು, ಸುಸ್ತು, ಕೋಪ, ದುಡ್ಡಿಲ್ದೆ ಹೂವಿಗೆ ಸಾಲ ಹೇಳಿದ್ದು, ಏನಿತ್ತೋ ಅದೂ ಇರ್ಲಿ. ಅಷ್ಟೆಲ್ಲ ಇಟ್ಕೊಂಡೂ ಮೂವತ್ತು ವರ್ಷ ಮಾಡಿದ್ರಲ್ಲ.

ಪ್ರಶ್ನೆ: ನಾನು ಮಂಡ್ಯದವನು. ನನ್ ಹೆಂಡ್ತಿ ಚರ್ಚಿನ ವಿನ್ಸೆಂಟ್ ಡಿ ಪಾಲ್ ಸಭೆಗೆ ಸೇರವ್ಳೆ, ವಾರಕ್ಕೆರಡು ಸಂಜೆ ಬಡವರ ಮನೆಗೆ ಹೋಗ್ಬುಟ್ಟು ಬತ್ತಾಳೆ. ಒಳ್ಳೇ ಕೆಲಸನೇ ಅಕ್ಕ, ಆದ್ರೆ ನಮ್ಮವ್ವ ಗೊಣಗ್ತಾರೆ, ಮಕ್ಕಳ ಹೋಂವರ್ಕು ನಿಂತೋಯ್ತದೆ. ಬುಟ್ಬುಡು ಅಂತ ಹೇಳ್ಬೋದಾ?

ಉತ್ರ: ಹೇಳ್ಬೇಡಪ್ಪ. ಆ ಸಭೆ 1833ರಲ್ಲಿ ಪ್ಯಾರಿಸಲ್ಲಿ ಶುರುವಾಯ್ತು, ಶುರು ಮಾಡ್ದೋರಲ್ಲಿ ಮುಖ್ಯ ಫ್ರೆಡರಿಕ್ ಓಜನಾಂ, ಆಗ ಇಪ್ಪತ್ತು ವರ್ಷದ ಕಾಲೇಜು ಹುಡುಗ. ಮುಂದೆ ಮೇಷ್ಟ್ರಾದ್ರು, ಮದುವೆಯಾದ್ರು, ಒಬ್ಳು ಮಗಳಿದ್ಲು, ಆದ್ರೂ ಬಡವರ ಮನೆಗೆ ಹೋಗೋದು ಬಿಡ್ಲಿಲ್ಲ. ಅವ್ರ ಪದ್ಧತೀಲಿ ಕಷ್ಟದಲ್ಲಿರೋರ ಮನೆಗೆ ಇಬ್ಬಿಬ್ರಾಗಿ ಹೋಗೋದು. ನಿನ್ ಹೆಂಡ್ತಿ ಜೊತೆ ಒಂದು ಸಂಜೆ ನೀನು ಹೋಗು. ಇನ್ನೊಂದು ಸಂಜೆ ಅವಳು ಹೋಗ್ಲಿ, ಹೋಂವರ್ಕಿಗೆ ನೀನು ಕೂತ್ಕೋ, ಅವ್ವನಿಗೆ ಊಟ ನೀನೇ ಬಡಿಸು. ಎರಡು ತಿಂಗಳು ಹಾಗ್ ಮಾಡಿ ನಂಗೆ ಇನ್ನೊಂದು ಕಾಗದ ಹಾಕು.