ಗಾಡಿ ಇಲ್ಲದೆ, 20 ಸಾವಿರ ಬಂಡವಾಳದಲ್ಲಿ ಬೆಂಗಳೂರಿನಲ್ಲಿ ಯಾವ ವ್ಯಾಪಾರ ಮಾಡಬಹುದು?

ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ಬಾಗಲಕೋಟೆ ಕಡೆಯವರು, ಮದುವೆಯಾಗಿ ದಾಸರಹಳ್ಳಿಗೆ ಬಂದು ಆರು ತಿಂಗಳಾಯಿತು, ಕೈಯಲ್ಲಿ 20 ಸಾವಿರ ಇದೆ, ಗಾಡಿ ಓಡಿಸಲು ಬರುವುದಿಲ್ಲ, ಮನೆಯಿಂದಲೇ ಏನಾದರೂ ಮಾಡಬೇಕು ಎಂದು ಬರೆದಿದ್ದೀರಿ. ರೊಟ್ಟಿ, ಚಟ್ನಿ ಚೆನ್ನಾಗಿ ಬರುತ್ತದೆ, ಆದರೆ ಇಲ್ಲಿಯ ಗಿರಾಕಿಗಳ ಜೊತೆ ಮಾತಾಡಲು ಹಿಂಜರಿಕೆ, ನನ್ನ ಮಾತು ಕೇಳಿ ನಗುತ್ತಾರೆ ಎಂದೂ ಬರೆದಿದ್ದೀರಿ. ನಾನು ವಿಜಯಪುರದವಳು. ಬೆಂಗಳೂರಿನ ವಿಜಯನಗರದಲ್ಲಿ ಒಂಬತ್ತು ವರ್ಷದಿಂದ ಜೋಳದ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದೇನೆ. ನನಗೂ ಗಾಡಿ ಬರುವುದಿಲ್ಲ. ಹಾಗಾಗಿ ನಾನು ನಡೆದ ದಾರಿಯನ್ನೇ ಹೇಳುತ್ತೇನೆ.

ಏನು ಮಾರಬೇಕು ಅನ್ನುವುದು ಆಮೇಲೆ. ಎಷ್ಟು ದೂರ ಮಾರಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಈ ಊರಲ್ಲಿ ಲಾಭವನ್ನು ತಿಂದು ಹಾಕುವುದು ದೂರವೇ.

ಶುರುವಿನಲ್ಲಿ ನಾನು ಎಲ್ಲಿಂದ ಫೋನ್ ಬಂದರೂ ಹೂಂ ಅನ್ನುತ್ತಿದ್ದೆ. ಒಂದು ಸಲ ವೈಟ್‌ಫೀಲ್ಡ್‌ನಿಂದ 50 ರೊಟ್ಟಿ ಕೇಳಿದರು. ಆಗ ರೊಟ್ಟಿಗೆ 8 ರೂಪಾಯಿ, ಒಟ್ಟು 400. ಆಗಿನ್ನೂ ಮೆಟ್ರೊ ಅಲ್ಲಿಯವರೆಗೆ ಇರಲಿಲ್ಲ. ಬೈಯಪ್ಪನಹಳ್ಳಿವರೆಗೆ ಮೆಟ್ರೊದಲ್ಲಿ ಹೋಗಿ ಅಲ್ಲಿಂದ ಬಸ್ಸು ಹತ್ತಿದೆ. ಬೆಳಿಗ್ಗೆ ಹತ್ತಕ್ಕೆ ಹೊರಟವಳು ಮನೆಗೆ ಬಂದಾಗ ಮಧ್ಯಾಹ್ನ ಮೂರೂವರೆ. ಅಷ್ಟು ಹೊತ್ತಿನಲ್ಲಿ ಹಂಚಿನ ಮುಂದೆ ಕೂತಿದ್ದರೆ ಇನ್ನೂ 150 ರೊಟ್ಟಿ ಆಗುತ್ತಿತ್ತು. ಅವತ್ತು ರಾತ್ರಿ ಲೆಕ್ಕ ಬರೆದು ನೋಡಿದಾಗ ಕೈಗೆ ಉಳಿದದ್ದು ನೂರರ ಒಳಗೆ. ಅಂದಿನಿಂದ ನನ್ನ ನಿಯಮ ಇದು: ನಡೆದು ಹೋಗುವಷ್ಟು ದೂರ, ಇಲ್ಲವೇ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಕೈಗೆ ಕೊಡುವಷ್ಟು ದೂರ. ಅದರಾಚೆ ಬೇಕು ಅಂದರೆ ಸಾಗಣೆ ಖರ್ಚು ಅವರದ್ದು, ಅದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡುತ್ತೇನೆ.

ಈಗ ನಿಮ್ಮ ಮನೆ ಎಲ್ಲಿದೆ ನೋಡಿ. ದಾಸರಹಳ್ಳಿ! ಪಕ್ಕದಲ್ಲೇ ಪೀಣ್ಯ. ಅಲ್ಲಿಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರಿಗೆ ಲೆಕ್ಕವಿಲ್ಲ. ಗದಗ, ರಾಯಚೂರು, ಕಲಬುರಗಿ, ಬಾಗಲಕೋಟೆ ಎಲ್ಲ ಕಡೆಯವರೂ ಇದ್ದಾರೆ. ನಾಲ್ಕೈದು ಜನ ಸೇರಿ ಒಂದು ರೂಮು ಮಾಡಿಕೊಂಡು ಇರುತ್ತಾರೆ. ಅನ್ನ ಬೇಯಿಸಿಕೊಳ್ಳುತ್ತಾರೆ, ರೊಟ್ಟಿ ಬಡಿಯುವುದು ಅವರಿಂದ ಆಗದ ಕೆಲಸ. ಜಯನಗರದ ಗಿರಾಕಿ ತಿಂಗಳಿಗೆ ಒಂದು ಸಲ ಆಸೆಗೆ ರೊಟ್ಟಿ ತರಿಸುತ್ತಾರೆ. ಈ ಹುಡುಗರಿಗೆ ಅದು ದಿನದ ಊಟ. ದಿನಾ ಬೇಕಾದವರು ಮನೆ ಹತ್ತಿರವೇ ಇರುವಾಗ ಊರೆಲ್ಲ ಯಾಕೆ ಅಲೆಯಬೇಕು, ಅಲ್ವಾ?

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ತಿಂಗಳು ಎರಡೇ ಪದಾರ್ಥ ಮಾಡುತ್ತೇನೆ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಬಿಸಿ ರೊಟ್ಟಿ. ಜೊತೆಗೆ ಶೇಂಗಾ ಚಟ್ನಿಯ ಸಣ್ಣ ಪೊಟ್ಟಣ. ಎಣ್ಣೆಗಾಯಿ, ಜುಣಕ, ಕಾಳು ಪಲ್ಯ ಎಲ್ಲ ಆಮೇಲೆ. ಪಲ್ಯ ಉಳಿದರೆ ಚೆಲ್ಲಬೇಕು. ರೊಟ್ಟಿ ಉಳಿದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿದರೆ ಕಡಕ್ ರೊಟ್ಟಿ ಆಗುತ್ತದೆ. ಹಾಕಿದ ದುಡ್ಡು ಹಾಳಾಗುವುದಿಲ್ಲ. 20 ಸಾವಿರದಲ್ಲಿ ದಪ್ಪ ಕಬ್ಬಿಣದ ಹಂಚು, ದೊಡ್ಡ ಒಲೆ, ಕವರ್ ಅಂಟಿಸುವ ಕೈ ಮಷಿನ್, ಜೋಳ, ಶೇಂಗಾ ಎಲ್ಲ ಬಂದು ಇನ್ನೂ ಸ್ವಲ್ಪ ಕೈಯಲ್ಲಿ ಉಳಿಯುತ್ತದೆ. ಆ ಉಳಿದದ್ದನ್ನು ದಯವಿಟ್ಟು ಬೋರ್ಡು, ವಿಸಿಟಿಂಗ್ ಕಾರ್ಡು ಅಂತ ಖರ್ಚು ಮಾಡಬೇಡಿ.

ಗಿರಾಕಿಗಳ ಜೊತೆ ಮಾತಾಡುವ ಬಗ್ಗೆ ಕೇಳಿದ್ದೀರಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಇದನ್ನು ಕಲಿತದ್ದು ಒಂದೇ ಬೆಳಿಗ್ಗೆಯಲ್ಲಿ.

ಜಯನಗರದಲ್ಲಿ ಒಬ್ಬರ ಮನೆ ಗೃಹಪ್ರವೇಶ. 100 ಕಡಕ್ ರೊಟ್ಟಿ ಹೇಳಿದ್ದರು. ಹಿಂದಿನ ಸಂಜೆ ಎರಡು ದೊಡ್ಡ ಕವರಿನಲ್ಲಿ ತುಂಬಿ ಆಟೊದಲ್ಲಿ ಕಳಿಸಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಫೋನು. 'ಕವರ್ ಬಿಚ್ಚಿದರೆ ಬರೀ ಚೂರು. ಒಂದೂ ಇಡೀ ರೊಟ್ಟಿ ಇಲ್ಲ' ಅಂದರು. ನನ್ನ ಬಾಯಿಂದ ಮೊದಲು ಬಂದ ಮಾತು, 'ನಾನು ಕಳಿಸುವಾಗ ಚೆನ್ನಾಗೇ ಇತ್ತಲ್ಲ ಮೇಡಂ.' ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, 'ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?' ಅಂದರು. ದನಿ ನಡುಗುತ್ತಿತ್ತು. ಮನೆ ತುಂಬಾ ನೆಂಟರು, ಊಟಕ್ಕೆ ಮೂರು ಗಂಟೆ ಇದೆ, ಅವರಿಗೆ ಎಷ್ಟು ದಿಗಿಲಾಗಿರಬೇಕು!

ಆಗ ಕೇಳಿದೆ: 'ಊಟಕ್ಕೆ ಎಷ್ಟು ಹೊತ್ತಿಗೆ ಕೂರಿಸ್ತೀರಿ?' ಹನ್ನೆರಡೂವರೆ ಅಂದರು. ಅತ್ತಿಗುಪ್ಪೆಯ ಒಬ್ಬರಿಗೆ ಕೊಡಬೇಕಿದ್ದ 60 ರೊಟ್ಟಿ ಮನೆಯಲ್ಲಿತ್ತು. ಅವರಿಗೆ ಫೋನ್ ಮಾಡಿ ಇದ್ದ ವಿಷಯ ಹೇಳಿ, ಸಂಜೆಗೆ ಕೊಡಲಾ ಎಂದು ಕೇಳಿದೆ. ಆಗಲಿ ಅಂದರು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ, ಮೇಲೆ ಬಟ್ಟೆ ಮಡಚಿಟ್ಟು, ವಿಜಯನಗರದಲ್ಲಿ ಮೆಟ್ರೊ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಜಯನಗರ ತಲುಪಿದೆ. ಅವರ ಅಡುಗೆಮನೆಯಲ್ಲಿ ಕೂತು 60 ರೊಟ್ಟಿಯನ್ನೂ ಅವರ ಮುಂದೆಯೇ ಎಣಿಸಿದೆ. ಒಂದೂ ಮುರಿದಿರಲಿಲ್ಲ. ಚೂರಾದದ್ದಕ್ಕೆ ಗಟ್ಟಿ ಮೊಸರು, ಶೇಂಗಾ ಚಟ್ನಿ, ಹೆಚ್ಚಿದ ಈರುಳ್ಳಿ ಹಾಕಿ ಕಲಸಿ ಕೊಟ್ಟೆ. ಮಕ್ಕಳು ಅದನ್ನೇ ಕೇಳಿ ಕೇಳಿ ತಿಂದರು. 60 ರೊಟ್ಟಿಯ ದುಡ್ಡು ಮಾತ್ರ ತಗೊಂಡೆ. ಅವತ್ತು ಆ ಮನೆಗೆ ಬಂದಿದ್ದ ಇಬ್ಬರು ಇವತ್ತಿಗೂ ನನ್ನ ಹತ್ತಿರವೇ ತರಿಸುತ್ತಾರೆ.

ಅಂದಿನಿಂದ ದೂರು ಬಂದಾಗ ಯಾರ ತಪ್ಪು ಎಂದು ಮೊದಲು ಮಾತೆತ್ತುವುದಿಲ್ಲ. 'ನಿಮಗೆ ಯಾವಾಗ ಬೇಕು?' ಇದೇ ನನ್ನ ಮೊದಲ ಮಾತು. ತಪ್ಪು ಎಲ್ಲಾಯಿತು ಅನ್ನುವುದನ್ನು ಸಂಜೆ ಕೂತು ಹುಡುಕಬಹುದು. ಹುಡುಕಿದಾಗ ಗೊತ್ತಾಯಿತು, ರೊಟ್ಟಿ ಮುರಿದದ್ದು ಆಟೊ ಕುಲುಕಾಟಕ್ಕಲ್ಲ. ಕವರಿನೊಳಗೆ ಖಾಲಿ ಜಾಗ ಇತ್ತು. ಖಾಲಿ ಜಾಗ ಇದ್ದರೆ ರೊಟ್ಟಿ ಒಂದಕ್ಕೊಂದು ಬಡಿದುಕೊಳ್ಳುತ್ತದೆ. ಒಂದು ದಾರದಿಂದ ರೊಟ್ಟಿಯ ಅಗಲ ಅಳೆದುಕೊಂಡು ಚಿಕ್ಕಪೇಟೆಗೆ ಹೋದೆ. ಆ ದಾರ ಹಿಡಿದು ಅಂಗಡಿ ಅಂಗಡಿ ಕೇಳಿ, ಸರಿಯಾಗಿ ಕೂರುವ ಚೌಕದ ರಟ್ಟಿನ ಡಬ್ಬಿ ಹುಡುಕಿದೆ. ಈಗ ಹತ್ತು ರೊಟ್ಟಿಗೆ ಒಂದು ಕವರ್, ಗಾಳಿ ತೆಗೆದು ಅಂಟಿಸಿ, ಕೆಳಗೊಂದು ಮೇಲೊಂದು ರಟ್ಟು. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು. ಬಂದರೆ ಬಿಚ್ಚಿ ಮತ್ತೆ ಕಟ್ಟುತ್ತೇನೆ. ಮಳೆಗಾಲದಲ್ಲಿ ಕವರ್ ಸರಿಯಾಗಿ ಅಂಟದಿದ್ದರೆ ಕಡಕ್ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ, ಅದಕ್ಕೂ ಇದೇ ಉಪಾಯ. ನ್ಯೂಸ್‌ಪೇಪರಿನಲ್ಲಿ ಮಾತ್ರ ಸುತ್ತಬೇಡಿ, ಅದರ ಮಸಿ ಊಟಕ್ಕೆ ಹತ್ತುತ್ತದೆ.

ಇನ್ನು ನಿಮ್ಮ ಭಾಷೆ. ದಯವಿಟ್ಟು ಬದಲಾಯಿಸಿಕೊಳ್ಳಬೇಡಿ. ನಾನು ಎರಡು ವರ್ಷ ಬೆಂಗಳೂರಿನವರ ಹಾಗೆ ಮಾತಾಡಲು ಹೆಣಗಿದೆ. ಒಂದು ದಿನ ಧಾರವಾಡ ಕಡೆಯ ಅಜ್ಜಿಯೊಬ್ಬರು ಫೋನ್ ಮಾಡಿದ್ದರು. ಅವರ ಮಾತು ಕೇಳಿ ನನಗೇ ಗೊತ್ತಿಲ್ಲದೆ 'ಹೂಂನ್ರಿ, ನಾಳೆ ಮುಂಜಾನೆ ಕೊಡ್ತೀನ್ರಿ' ಅಂದೆ. 'ಅಯ್ಯ, ನೀ ನಮ್ಮ ಕಡೀಕಿನಾಕಿ ಏನವಾ!' ಅಂದರು ಅವರು. ಅಷ್ಟು ಸಂತೋಷ ಆ ದನಿಯಲ್ಲಿ. ರೊಟ್ಟಿ ಮಾರುವವಳ ಬಾಯಲ್ಲಿ ಆ ಮಾತು ಇದ್ದರೆ ರೊಟ್ಟಿ ಮೇಲೂ ನಂಬಿಕೆ ಬರುತ್ತದೆ. ಕನ್ನಡ ಬಾರದವರಿಗೆ ಬೆಲೆ, ಎಣಿಕೆ, ಸಮಯ ಹೇಳುವಷ್ಟು ಹಿಂದಿ ಸಾಕು, ಆರು ತಿಂಗಳಲ್ಲಿ ತಾನಾಗಿ ಬರುತ್ತದೆ.

ನಾವೂ ಗಿರಾಕಿಗಳೇ ಅಲ್ವಾ? ಅದರ ಬಗ್ಗೆಯೂ ಒಂದು ಎಚ್ಚರಿಕೆ. ಒಮ್ಮೆ ಒಂದು ಕೊರಿಯರ್‌ನವರು ನನ್ನ ಪಾರ್ಸೆಲ್ ಕಳೆದರು. ಅವರ ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಫೋನ್ ಮಾಡಿದೆ. ಎತ್ತಿದವನು ತುಂಬಾ ಮರ್ಯಾದೆಯಿಂದ ಮಾತಾಡಿದ. 'ದುಡ್ಡು ವಾಪಸ್ ಹಾಕ್ತೀವಿ, ಒಂದು ಸಲ ಯುಪಿಐ ಪಿನ್ ಒತ್ತಿ' ಅಂದ. ಪಕ್ಕದಲ್ಲಿದ್ದ ಮಗಳು ಫೋನ್ ಕಿತ್ತುಕೊಂಡಳು. ಅದು ಕಂಪನಿಯ ನಂಬರೇ ಆಗಿರಲಿಲ್ಲ. ದುಡ್ಡು ನಮಗೆ ಬರಬೇಕಾದರೆ ಪಿನ್ ಬೇಕಾಗುವುದೇ ಇಲ್ಲ, ಇದನ್ನು ಅಡುಗೆಮನೆ ಗೋಡೆ ಮೇಲೆ ಬರೆದಿಡಿ. ನಂಬರನ್ನು ರಸೀದಿ ಮೇಲೆ ಅಥವಾ ಆ ಕಂಪನಿಯ ಆ್ಯಪ್ ಒಳಗೆ ನೋಡಿ. ದುಡ್ಡು ಹೋಗೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕೊಂಡ ಸಾಮಾನು, ಸೇವೆಯ ತಕರಾರು ಇದ್ದರೆ ಗ್ರಾಹಕರ ಸಹಾಯವಾಣಿ 1915.

ಓಡಾಟಕ್ಕೆ ಬರೋಣ. ನಿಮಗೆ ಹಸಿರು ಮಾರ್ಗ ಮನೆ ಬಾಗಿಲಲ್ಲೇ ಇದೆ. ದಾಸರಹಳ್ಳಿಯಲ್ಲಿ ಹತ್ತಿದರೆ ಯಶವಂತಪುರ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಎಲ್ಲವೂ ಒಂದೇ ರೈಲಿನಲ್ಲಿ ಸಿಗುತ್ತವೆ. ಎಲೆಕ್ಟ್ರಾನಿಕ್ ಸಿಟಿ ಕಡೆ ಯಾರಾದರೂ ಕೇಳಿದರೆ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹಿಡಿಯಬಹುದು, 2025ರ ಆಗಸ್ಟ್‌ನಿಂದ ಓಡುತ್ತಿದೆ. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಜಾಸ್ತಿ ಆಯಿತು, ದೂರದ ಟಿಕೆಟ್ 90 ರೂಪಾಯಿವರೆಗೂ ಹೋಯಿತು. ಹಾಗಾಗಿ ಹೋಗುವಾಗ, ಹೊತ್ತಿಗೆ ಸರಿಯಾಗಿ ತಲುಪಿಸಬೇಕಾದರೆ ಮೆಟ್ರೊ. ಬರುವಾಗ ಕೈ ಖಾಲಿ ಇರುತ್ತದೆ, ಅವಸರ ಇರುವುದಿಲ್ಲ, ಬಿಎಂಟಿಸಿ ಬಸ್ಸು. ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಬಸ್ಸು ಉಚಿತ, ಎಸಿ ಬಸ್ಸಿಗೆ ಇಲ್ಲ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ತಿಂಗಳ ಕೊನೆಗೆ ಈ ಉಳಿತಾಯ ಎದ್ದು ಕಾಣುತ್ತದೆ.

ಆಟೊ ಮೀಟರ್ ದರ 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ಈ ಲೆಕ್ಕ ಬಾಯಿಗೆ ಬಂದಿದ್ದರೆ ಯಾರೂ ಸುಮ್ನೆ 200 ಕೇಳಲು ಆಗುವುದಿಲ್ಲ. ನಮ್ಮ ಬೀದಿಯ ಒಬ್ಬ ಆಟೊದವರನ್ನೇ ನಾನು ಕಾಯಂ ಮಾಡಿಕೊಂಡಿದ್ದೇನೆ. ಡಬ್ಬಿಯನ್ನು ಹೇಗೆ ಇಡಬೇಕು ಎಂದು ಅವರಿಗೆ ಪ್ರತಿ ಸಲ ಹೇಳಬೇಕಾಗಿಲ್ಲ.

ಕಾಗದಪತ್ರದ ಕೆಲಸ ಸಣ್ಣದು, ಆದರೆ ಬಿಡಬೇಡಿ. ಆಹಾರ ಸುರಕ್ಷತೆಯ ನೋಂದಣಿ ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. 14 ಅಂಕಿಯ ಆ ನಂಬರನ್ನು ಪೊಟ್ಟಣದ ಮೇಲೆ ಹಾಕಿ. ಯುಪಿಐ ಬಗ್ಗೆಯೂ ಹೆದರಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ನಮ್ಮ ಬೀದಿಯಲ್ಲೂ ಕೆಲವರು ಕ್ಯೂಆರ್ ಕೋಡ್ ಕಿತ್ತು ಹಾಕಿದ್ದರು. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಾತು ಬರುವುದು ವರ್ಷದ ವಹಿವಾಟು 40 ಲಕ್ಷ ದಾಟಿದಾಗ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ, ಮನೆಯವರ ದುಡ್ಡು ಅದರಲ್ಲಿ ಓಡಾಡಬಾರದು, ಅಷ್ಟೇ. ಮುಂದೆ ರೊಟ್ಟಿ ಮಷಿನ್ ಹಾಕುವ ಹಂತಕ್ಕೆ ಬಂದರೆ ಸಣ್ಣ ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯ ಸಹಾಯಧನ ಆಗಲೂ ಇದೆಯೇ ಎಂದು ವಿಚಾರಿಸಿ. ಈಗಲೇ ಸಾಲದ ಯೋಚನೆ ಬೇಡ.

ಕೊನೆಗೆ ಹಿಟ್ಟಿನ ವಿಷಯ. ಊರಿಂದ ಮಾಲ್ದಂಡಿ ಜೋಳ ತರಿಸಿ, ಹಿಟ್ಟು ತರಿಸಬೇಡಿ. ಹಿಟ್ಟು ಹಳೆಯದಾದರೆ ಜಿಗುಟು ಹೋಗುತ್ತದೆ, ಎಷ್ಟು ಬಿಸಿ ಎಸರು ಹಾಕಿ ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ. ಐದೈದು ಕಿಲೋ ಮಾತ್ರ ಗಿರಣಿಗೆ ಹಾಕಿಸಿ, ವಾರದೊಳಗೆ ಮುಗಿಸಿ. ಊರ ಕಡೆಯ ಬಸ್ಸು ತುಮಕೂರು ರಸ್ತೆಯಲ್ಲೇ ಬರುತ್ತದಲ್ಲ, ಬರುವ ನೆಂಟರ ಕೈಯಲ್ಲಿ ಜೋಳದ ಚೀಲ ಕಳಿಸಿದರೆ ಎಂಟನೇ ಮೈಲಿಯಲ್ಲೇ ಇಳಿಸಿಕೊಳ್ಳಿ. ಮೆಜೆಸ್ಟಿಕ್‌ವರೆಗೆ ಹೋಗಿ ಅಷ್ಟು ಭಾರ ಹೊತ್ತು ವಾಪಸ್ ಬರುವ ಕಷ್ಟ ನಿಮಗೆ ಬೇಡ. ಮೊದಲ ವಾರ ಎಷ್ಟು ರೊಟ್ಟಿ ಹೋಯಿತು ಎಂದು ಇಲ್ಲೇ ಕೆಳಗೆ ಬರೆಯಿರಿ, ಕಾಯುತ್ತಿರುತ್ತೇನೆ.