ಪೆಪ್ಟೈಡ್‌ನ ಆಕಾರವನ್ನು ಕಂಪನದಲ್ಲಿ ಓದುವುದು ಈಗಲೂ ಬೇಕಾದ ಕೆಲಸವೇ?

ನಿಮ್ಮ ಪ್ರಶ್ನೆ ಓದಿದೆ. ಊರು ಶಿರಸಿ, ಎಂ.ಎಸ್ಸಿ. ಕೊನೆಯ ವರ್ಷ, ಜೂನ್‌ನಿಂದ ಕಾರವಾರದಲ್ಲಿ ಪ್ರಾಜೆಕ್ಟ್. ಒಂದು ಚಿಕ್ಕ ಪೆಪ್ಟೈಡ್‌ನ ಆಕಾರವನ್ನು ಇನ್‌ಫ್ರಾರೆಡ್ ಯಂತ್ರದಲ್ಲಿ ನೋಡಬೇಕು. ಜೊತೆಯವರು ಮಾತ್ರ ‘ಆಕಾರವನ್ನೆಲ್ಲ ಈಗ ಕಂಪ್ಯೂಟರೇ ಹೇಳುತ್ತದೆ, ಇದು ಹಳೇ ಕೆಲಸ’ ಅನ್ನುತ್ತಿದ್ದಾರೆ. ಮಾಡಲಾ, ಬಿಡಲಾ ಎಂದು ಕೇಳಿದ್ದೀರಿ.

ಮಾಡಿ. ನಾನು ಕಾರವಾರದ ಕೋಡಿಬಾಗದವನು. ಹದಿನೆಂಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಹೆಚ್ಚಿನದು ನಮ್ಮ ಕರಾವಳಿಯಲ್ಲೇ. ಯಾಕೆ ಮಾಡಬೇಕು, ಎಲ್ಲಿ ಎಡವುತ್ತೀರಿ, ಎರಡನ್ನೂ ಹೇಳುತ್ತೇನೆ. ಎರಡನೆಯದೇ ಜಾಸ್ತಿ ಆಗಬಹುದು, ಯಾಕೆಂದರೆ ನೀವು ಶುರು ಮಾಡುವುದು ಮಳೆಗಾಲದಲ್ಲಿ.

ನಿಮಗೆ ಗೊತ್ತಿರುವುದನ್ನೇ ಒಂದು ಸಲ ಹೇಳುತ್ತೇನೆ, ಬೇರೆಯವರೂ ಓದುತ್ತಾರಲ್ಲ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸರ. ಅದರ ಪ್ರತಿ ಕೊಂಡಿಯಲ್ಲೂ ಕಾರ್ಬನ್ ಮತ್ತು ಆಕ್ಸಿಜನ್‌ನ ಒಂದು ಜೋಡಿ ಇದೆ. ಅದು ಸ್ಪ್ರಿಂಗಿನ ಹಾಗೆ ಹಿಗ್ಗಿ ಕುಗ್ಗಿ ಆಡುತ್ತಲೇ ಇರುತ್ತದೆ, ಸೆಕೆಂಡಿಗೆ ಸುಮಾರು 50 ಲಕ್ಷ ಕೋಟಿ ಸಲ. ಅದೇ ಲಯದ ಇನ್‌ಫ್ರಾರೆಡ್ ಬೆಳಕು ಬಿದ್ದರೆ ಹೀರಿಕೊಳ್ಳುತ್ತದೆ. ಗ್ರಾಫಿನಲ್ಲಿ 1600ರಿಂದ 1700ರ ನಡುವೆ ಒಂದು ಪೀಕ್ ಏಳುತ್ತದೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಯುತ್ತವೆ ಅನ್ನುವ ಲೆಕ್ಕ ಅದು. ಈ ಪೀಕಿಗೆ ‘ಅಮೈಡ್ ಒಂದು’ ಎಂದು ಹೆಸರು.

ಸರ ಹೇಗೆ ಮಡಚಿಕೊಂಡಿದೆ ಅನ್ನುವುದರ ಮೇಲೆ ಆ ಪೀಕಿನ ಜಾಗ ಬದಲಾಗುತ್ತದೆ. 1950ರಲ್ಲೇ ಇಂಗ್ಲೆಂಡಿನ ಎಲಿಯಟ್ ಮತ್ತು ಆಂಬ್ರೋಸ್ ಇದನ್ನು ಗುರುತಿಸಿದರು. ಪಾಲಿಂಗ್, ಕೋರಿ, ಬ್ರ್ಯಾನ್ಸನ್ ಆಲ್ಫಾ ಸುರುಳಿಯ ಮಾದರಿ ಕೊಟ್ಟದ್ದು ಅದರ ಮರುವರ್ಷ. ಸುರುಳಿಯಾದರೆ ಪೀಕ್ ಸುಮಾರು 1650ರಿಂದ 1658. ಸರಗಳು ಪಕ್ಕಪಕ್ಕ ನಿಂತು ಬೀಟಾ ಹಾಳೆಯಾದರೆ 1620ರಿಂದ 1640ರ ನಡುವೆ ದೊಡ್ಡ ಪೀಕ್. ಅವು ಒಂದಕ್ಕೊಂದು ಎದುರು ದಿಕ್ಕಿಗೆ ಮುಖ ಮಾಡಿದ್ದರೆ 1690ರ ಹತ್ತಿರ ಇನ್ನೊಂದು ಪುಟ್ಟ ಪೀಕ್. ಮನೆಯಲ್ಲಿ ಮೊಟ್ಟೆ ಬೇಯಿಸುತ್ತೀರಲ್ಲ, ಬಿಳಿ ಲೋಳೆ ಗಟ್ಟಿಯಾಗುವಾಗ 1620ರ ಆಸುಪಾಸಿನಲ್ಲಿ ಹೊಸ ಪೀಕ್ ಬೆಳೆಯುತ್ತದೆ. ಬಿಚ್ಚಿಕೊಂಡ ಸರಗಳು ಒಂದಕ್ಕೊಂದು ಅಂಟಿ ಹಾಳೆಯಾಗುವುದನ್ನೇ ನೀವಲ್ಲಿ ನೋಡುತ್ತಿದ್ದೀರಿ.

ಯಾಕೆ ಜಾಗ ಬದಲಾಗುತ್ತದೆ? ‘ಹೈಡ್ರೋಜನ್ ಬಂಧ ಸ್ಪ್ರಿಂಗನ್ನು ಸಡಿಲ ಮಾಡುತ್ತದೆ’ ಎಂದು ಪುಸ್ತಕದಲ್ಲಿ ಓದಿರುತ್ತೀರಿ. ನಿಜ, ಆದರೆ ಅರ್ಧ ಮಾತ್ರ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್ ಇರುವಾಗ ಬೈತಖೋಲ್ ಬಂದರಿಗೆ ಒಂದು ಸಂಜೆ ಹೋಗಿ. ಬೋಟುಗಳನ್ನು ಒತ್ತೊತ್ತಾಗಿ ಹಗ್ಗ ಹಾಕಿ ಕಟ್ಟಿರುತ್ತಾರೆ. ಒಂದು ಬೋಟ್ ಅಲುಗಿದರೆ ಪಕ್ಕದ್ದೂ ಅಲುಗುತ್ತದೆ. ಪಕ್ಕಪಕ್ಕ ಕಟ್ಟಿದರೆ ಒಂದು ಥರ ಓಲಾಡುತ್ತವೆ, ಒಂದರ ಹಿಂದೊಂದು ಕಟ್ಟಿದರೆ ಇನ್ನೊಂದು ಥರ. ಕಾರ್ಬನ್-ಆಕ್ಸಿಜನ್ ಜೋಡಿಗಳೂ ಹಾಗೇ. ಒಂದೊಂದೇ ಆಡುವುದಿಲ್ಲ, ನೆರೆಯವನ್ನೂ ಸೇರಿಸಿಕೊಂಡು ಆಡುತ್ತವೆ. ಯಾರು ಯಾರ ಪಕ್ಕ, ಯಾವ ಕೋನದಲ್ಲಿ ನಿಂತಿದ್ದಾರೆ ಅನ್ನುವುದು ಆ ಕೂಡಿದ ಆಟದಲ್ಲಿ ಬರೆದಿರುತ್ತದೆ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಇದು ಅರ್ಥವಾದ ದಿನ.

ಇನ್ನು ಕಂಪ್ಯೂಟರಿನ ಮಾತು. ಪ್ರೋಟೀನಿನ ಆಕಾರ ಊಹಿಸುವ ಪ್ರೋಗ್ರಾಂ ಆಲ್ಫಾಫೋಲ್ಡ್ ದೊಡ್ಡ ಕೆಲಸ, 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿದೆ. ಆದರೆ ಅದು ಕಲಿತದ್ದು ಬಹುಪಾಲು ಹರಳುಗಟ್ಟಿದ ಪ್ರೋಟೀನುಗಳಿಂದ, ಅಂದರೆ ಒಂದು ಆಕಾರದಲ್ಲಿ ನೆಟ್ಟಗೆ ನಿಲ್ಲುವವುಗಳಿಂದ. ಹತ್ತು ಹನ್ನೆರಡು ಅಮೈನೋ ಆಮ್ಲಗಳ ಚಿಕ್ಕ ಪೆಪ್ಟೈಡ್ ನೀರಿನಲ್ಲಿ ಹಾಗೆ ನಿಲ್ಲುವುದಿಲ್ಲ. ಈ ಕ್ಷಣ ಸುರುಳಿ, ಇನ್ನೊಂದು ಕ್ಷಣ ಬಿಚ್ಚಿದ ಸರ. ಕಾಂತಕ್ಷೇತ್ರದಲ್ಲಿಟ್ಟು ಅಣುವನ್ನು ಓದುವ ಎನ್‌ಎಂಆರ್ ಅದನ್ನು ನಿಧಾನವಾಗಿ ನೋಡುತ್ತದೆ, ಎಲ್ಲ ಆಕಾರ ಸೇರಿಸಿ ಒಂದು ಸರಾಸರಿ ಕೊಡುತ್ತದೆ. ಕಂಪನ ಹಾಗಲ್ಲ, ಅದು ಆಕಾರ ಬದಲಾಗುವುದಕ್ಕಿಂತ ಬೇಗ. ಅದಕ್ಕೇ ಸುರುಳಿಯಲ್ಲಿದ್ದ ಅಣು ಸುರುಳಿಯ ಗುರುತನ್ನೇ ಬಿಡುತ್ತದೆ, ಬಿಚ್ಚಿಕೊಂಡಿದ್ದು ಬಿಚ್ಚಿದ ಗುರುತನ್ನು. ಎರಡೂ ಒಂದೇ ಗ್ರಾಫಿನಲ್ಲಿ ಇರುತ್ತವೆ, ಒಂದರ ಮೇಲೊಂದು ಬಿದ್ದುಕೊಂಡು. ಬಿಡಿಸಿ ನೋಡುವ ತಾಳ್ಮೆ ಬೇಕು ಅಷ್ಟೇ. ಉಷ್ಣತೆ ಐದೈದು ಡಿಗ್ರಿ ಏರಿಸುತ್ತ ಅಳೆದರೆ ಯಾವುದು ಕರಗುತ್ತದೆ, ಯಾವುದು ಬೆಳೆಯುತ್ತದೆ ಎಂದು ಕಣ್ಣಿಗೇ ಕಾಣುತ್ತದೆ.

ಈಗ ನೀರು. ನಮ್ಮೂರಲ್ಲಿ ಈ ಕೆಲಸ ಮಾಡುವವರಿಗೆ ಇದೇ ಮುಖ್ಯ.

ನೀರಿನ ಅಣು ಬಾಗುವ ಕಂಪನ ಬರುವುದು 1645ರ ಹತ್ತಿರ. ಅಂದರೆ ನೀವು ನೋಡಬೇಕಾದ ಪೀಕಿನ ತಲೆ ಮೇಲೆಯೇ. ಸಾದಾ ನೀರಿನಲ್ಲಿ ಅಳೆಯಬೇಕೆಂದರೆ ಎರಡು ಕಿಟಕಿಗಳ (ಬೆಳಕು ಹಾಯಲು ಬಿಡುವ ಬಿಲ್ಲೆಗಳ) ನಡುವೆ ಸುಮಾರು 6 ಮೈಕ್ರಾನ್ ತೆಳು ಪದರ ಮಾತ್ರ ಇಡಬಹುದು. ಅದಕ್ಕಾಗಿ ಭಾರಜಲ ಬಳಸುತ್ತೇವೆ, ಅಂದರೆ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ (ಡಿ) ಇರುವ ನೀರು. ಕೈಗಾದ ರಿಯಾಕ್ಟರುಗಳಲ್ಲಿ ಓಡುವುದೂ ಅದೇ ಭಾರಜಲ. ಅದರ ಬಾಗುವ ಕಂಪನ 1210ರ ಹತ್ತಿರಕ್ಕೆ ಸರಿದುಬಿಡುತ್ತದೆ, ನಮ್ಮ ಜಾಗ ಖಾಲಿ. ಪದರವನ್ನೂ 50 ಮೈಕ್ರಾನ್‌ವರೆಗೆ ದಪ್ಪ ಮಾಡಬಹುದು. ಆದರೆ ಭಾರಜಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈನಲ್ಲಿ ಬಾಟಲಿಯ ಮುಚ್ಚಳ ತೆಗೆದಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತರೆ ಕೆಟ್ಟಿತು ಅಂತಲೇ ಲೆಕ್ಕ. ಸಣ್ಣ ಸಣ್ಣ ಸೀಲ್ ಮಾಡಿದ ಬಾಟಲಿ ಕೇಳಿ ತರಿಸಿಕೊಳ್ಳಿ. ಇನ್ನೊಂದು, ಭಾರಜಲದಲ್ಲಿ ಪೆಪ್ಟೈಡ್‌ನ ಎನ್‌ಎಚ್ (ನೈಟ್ರೋಜನ್-ಹೈಡ್ರೋಜನ್ ಜೋಡಿ) ಎಲ್ಲ ಎನ್‌ಡಿ ಆಗುತ್ತದೆ, ಪೀಕ್ 5ರಿಂದ 10ರಷ್ಟು ಕೆಳಗೆ ಬರುತ್ತದೆ. ಸಾದಾ ನೀರಿನ ಪಟ್ಟಿ ಹಿಡಿದು ಅದನ್ನು ಓದಬೇಡಿ.

ಗಾಳಿಯಲ್ಲಿರುವ ಆವಿ ಇನ್ನೂ ಕಷ್ಟ. ಅದರ ಚೂಪು ಗೆರೆಗಳು ಸುಮಾರು 1400ರಿಂದ 1900ರವರೆಗೆ ಮುಳ್ಳಿನ ಹಾಗೆ ಎದ್ದಿರುತ್ತವೆ. ಹೊಸಬರು ಆ ಮುಳ್ಳುಗಳನ್ನೇ ಪೆಪ್ಟೈಡ್‌ನ ಬೇರೆ ಬೇರೆ ಆಕಾರ ಎಂದು ಓದುತ್ತಾರೆ. ಒಣ ನೈಟ್ರೋಜನ್ ಹಾಯಿಸಿ, ಅರ್ಧ ಗಂಟೆಯಾದರೂ ಕಾಯಿರಿ. ಮೊದಲ ವಾರ ಪೆಪ್ಟೈಡ್ ಮುಟ್ಟಲೇಬೇಡಿ. ಸುಮ್ನೆ ಆವಿಯ ಗ್ರಾಫ್ ತೆಗೆದು, ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ. ಆಮೇಲೆ ಪ್ರತಿ ಗ್ರಾಫನ್ನೂ ಅದರ ಪಕ್ಕ ಹಿಡಿದು ನೋಡಿ.

ಕೆಬಿಆರ್ ಕಿಟಕಿಗಳ ಕಥೆ ಬೇರೆಯೇ. ಪೊಟ್ಯಾಸಿಯಂ ಬ್ರೋಮೈಡ್ ಅಂದರೆ ಉಪ್ಪು. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುತ್ತದಲ್ವಾ, ಇದೂ ಹಾಗೇ ಮಂಜಾಗುತ್ತದೆ. ಯಂತ್ರದ ಹೊಟ್ಟೆಯಲ್ಲಿ ಬೆಳಕನ್ನು ಎರಡು ಪಾಲು ಮಾಡುವ ಗಾಜಿನಂಥ ಬಿಲ್ಲೆಯೂ ಸಾಮಾನ್ಯವಾಗಿ ಅದರದ್ದೇ. ನಾನಿದ್ದ ಒಂದು ಲ್ಯಾಬಿನಲ್ಲಿ ಮೇ ರಜೆಗೆ ಯಂತ್ರ ಆಫ್ ಮಾಡಿ ಹೋಗಿ, ಮಳೆ ಹಿಡಿದ ಮೇಲೆ ಬಂದು ನೋಡಿದರೆ ಬಿಲ್ಲೆ ಮಸುಕಾಗಿತ್ತು. ಹೊಸದು ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಯಂತ್ರವನ್ನು ಆಫ್ ಮಾಡಲು ಬಿಡಬೇಡಿ, ಅದರ ಬಿಸಿಯೇ ಅದಕ್ಕೆ ರಕ್ಷೆ. ಒಳಗಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ ದಿನವೇ ಬದಲಿಸಿ. ದ್ರಾವಣಕ್ಕೆ ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿಯೇ ಸರಿ, ಅದು ನೀರಿಗೆ ಕರಗುವುದಿಲ್ಲ.

ರಾಮನ್ ಯಂತ್ರ ಸಿಕ್ಕರೆ ಬಿಡಬೇಡಿ. 1928ರಲ್ಲಿ ಸಿ.ವಿ. ರಾಮನ್ ಕಂಡ ಆ ಚದುರಿದ ಬೆಳಕಿನಲ್ಲಿ ನೀರಿನ ದನಿ ಬಹಳ ಕ್ಷೀಣ, ಹಾಗಾಗಿ ಸಾದಾ ನೀರಿನಲ್ಲೇ ಅಳೆಯಬಹುದು.

ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು, ಯಾಕೆಂದರೆ ನಿಮ್ಮ ಪೆಪ್ಟೈಡ್ ಕೂಡ ಕೊಂಡು ತಂದದ್ದೇ ಇರಬೇಕು. ಅಂಥವು ಸಾಮಾನ್ಯವಾಗಿ ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್ ಆಮ್ಲ) ಲವಣವಾಗಿ ಬರುತ್ತವೆ, ತಯಾರಿಸುವಾಗ ಆ ಆಮ್ಲ ಬಳಸಿರುತ್ತಾರೆ. ಅದರ ಪೀಕ್ 1673ರ ಹತ್ತಿರ. ನಾನು ಅದನ್ನು ನೋಡಿ ‘ಇಲ್ಲಿ ಸರ ತಿರುವು ತೆಗೆದುಕೊಂಡಿದೆ’ ಎಂದು ನಂಬಿದೆ. ಏಳು ತಿಂಗಳು ಆ ತಿರುವಿನ ಬಗ್ಗೆ ಬರೆದೆ, ಚಿತ್ರ ಬಿಡಿಸಿದೆ. ಒಂದು ದಿನ ಗ್ರಾಫಿನ ಕೆಳತುದಿ ನೋಡಿದಾಗ 1200 ಮತ್ತು 1135ರ ಹತ್ತಿರ ಎರಡು ಪೀಕ್ ಕಂಡವು. ಅವು ಕಾರ್ಬನ್-ಫ್ಲೋರಿನ್‌ನವು. ಪೆಪ್ಟೈಡ್‌ನಲ್ಲಿ ಫ್ಲೋರಿನ್ ಎಲ್ಲಿಂದ ಬರಬೇಕು? ಅವತ್ತು ರಾತ್ರಿ ಊಟ ಸೇರಲಿಲ್ಲ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ ಒಣಗಿಸುವುದನ್ನು ಎರಡು ಮೂರು ಸಲ ಮಾಡಿದರೆ ಟಿಎಫ್‌ಎ ಹೋಗುತ್ತದೆ. ಮೊದಲೇ ಮಾಡಿಕೊಳ್ಳಿ.

ನಿಮ್ಮ ಗೈಡ್ ಹತ್ತಿರ ದುಡ್ಡಿದ್ದರೆ ಒಂದು ವಿಷಯ ಕೇಳಿ. ಸರದ ಒಂದೇ ಒಂದು ಕೊಂಡಿಯಲ್ಲಿ ಕಾರ್ಬನ್-12ರ ಬದಲು ಅದಕ್ಕಿಂತ ತುಸು ಭಾರದ ಕಾರ್ಬನ್-13 ಹಾಕಿಸಬಹುದು. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತಿದರೆ ತೂಕ ಹೆಚ್ಚಿ ದನಿ ಇಳಿಯುತ್ತದಲ್ಲ, ಹಾಗೆ ಆ ಒಂದು ಕೊಂಡಿಯ ಪೀಕ್ ಸುಮಾರು 40ರಷ್ಟು ಕೆಳಗಿಳಿದು ಗುಂಪಿನಿಂದ ಬೇರೆಯಾಗುತ್ತದೆ. ಆಗ ‘ಒಟ್ಟು ಸರದಲ್ಲಿ ಇಷ್ಟು ಸುರುಳಿ’ ಅನ್ನುವುದು ಬಿಟ್ಟು ‘ಐದನೆಯ ಕೊಂಡಿ ಸುರುಳಿಯಲ್ಲಿದೆ, ಒಂಬತ್ತನೆಯದು ಬಿಚ್ಚಿಕೊಂಡಿದೆ’ ಎಂದು ಹೇಳಬಹುದು. ಕಂಪ್ಯೂಟರಿನ ಊಹೆ ಸರಿಯಾ ತಪ್ಪಾ ಎಂದು ನೋಡಲೂ ಇಂಥ ಅಳತೆಯೇ ಬೇಕು.

ನಿಮ್ಮ ಸರದಲ್ಲಿ ಎಷ್ಟು ಅಮೈನೋ ಆಮ್ಲಗಳಿವೆ, ಯಾವ ಕ್ರಮದಲ್ಲಿವೆ ಎಂದು ಇಲ್ಲೇ ಬರೆಯಿರಿ. ಪ್ರೋಲಿನ್ ಇದ್ದರೆ ಖಂಡಿತ ಹೇಳಿ, ಅದಕ್ಕೆ ಎನ್‌ಎಚ್ ಇಲ್ಲದ ಕಾರಣ ಸುರುಳಿ ಅಲ್ಲಿ ಮುರಿಯಬಹುದು. ಆರ್ಜಿನಿನ್ ಇದ್ದರೂ ಹೇಳಿ, ಅದರ ಪಕ್ಕದ ಕವಲೂ 1600ರ ಆಚೀಚೆ ಪೀಕ್ ಕೊಡುತ್ತದೆ. ಯಂತ್ರದಲ್ಲಿ ನೈಟ್ರೋಜನ್ ಹಾಯಿಸುವ ವ್ಯವಸ್ಥೆ ಇದೆಯಾ ಎಂದೂ ನೋಡಿಕೊಂಡು ಬನ್ನಿ.