ಹ್ಯಾಲೋವೀನ್ ಪಾರ್ಟಿಗೆ ದುಡ್ಡು ಹಂಚುವ ಮೊದಲು ತಾರೀಖು ಬದಲಾಯಿಸಿ

ಹದಿನೈದು ಜನ ದೊಡ್ಡವರು, ಚಿಕ್ಕ ಅಪಾರ್ಟ್‌ಮೆಂಟು, ಕೈಯಲ್ಲಿ 150 ಡಾಲರ್, ಅಕ್ಟೋಬರ್ 31ರ ಸಂಜೆ. ಅಲಂಕಾರಕ್ಕೆ ಎಷ್ಟು, ಊಟಕ್ಕೆ ಎಷ್ಟು ಇಡಬೇಕು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ 2023ರ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ದುಡ್ಡಿನ ಲೆಕ್ಕ ಆಮೇಲೆ. ಮೊದಲು ಆ 31ನೇ ತಾರೀಖನ್ನು ಬಿಡಿ.

ನಾವಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಆಗ ಇಲ್ಲಿಗೆ ಬಂದು ಎರಡು ವರ್ಷ ಆಗಿತ್ತು. ಅಷ್ಟರಲ್ಲಿ ಎಲ್ಲರ ಮನೆಯಲ್ಲೂ ಉಂಡಿದ್ದೆವು, ನಾವು ಮಾತ್ರ ಯಾರನ್ನೂ ಕರೆದಿರಲಿಲ್ಲ. ಆ ಋಣ ಮನಸ್ಸನ್ನು ಕೊರೆಯುತ್ತಿತ್ತು. ನಮ್ಮನೆಯವರ ಆಫೀಸಿನವರು, ಕನ್ನಡದ ಸ್ನೇಹಿತರು, ಅಕ್ಕಪಕ್ಕದವರು ಸೇರಿ 18 ಜನರನ್ನು ಕರೆದೆವು. 16 ಜನ ಬರುತ್ತೇವೆ ಅಂದರು. ನನಗೆ ಎಷ್ಟು ಖುಷಿ ಅಂದರೆ, ಒಂದು ತಿಂಗಳ ಮುಂಚೆಯೇ ಅಂಗಡಿ ಸುತ್ತಲು ಶುರು ಮಾಡಿದೆ. ಆಳೆತ್ತರದ ಅಸ್ಥಿಪಂಜರಕ್ಕೆ 60 ಡಾಲರ್. ಹೊಗೆ ಬಿಡುವ ಮಷೀನಿಗೆ 45. ಜೇಡರ ಬಲೆ, ಥರ್ಮಾಕೋಲಿನ ಗೋರಿಕಲ್ಲು, ಲೈಟು, ತಲೆಬುರುಡೆ ಚಿತ್ರದ ಪ್ಲೇಟು ಅಂತ ಇನ್ನೊಂದು 85. ಊಟ ತಿಂಡಿಗೆ 120. ಒಟ್ಟು 310 ಡಾಲರ್. ಹೊಗೆ ಮಷೀನನ್ನು ಆನ್ ಮಾಡಲೇ ಇಲ್ಲ. ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಹೊಡೆದುಕೊಳ್ಳಬಹುದು ಅಂತ ಅದರ ಜೊತೆ ಬಂದ ಚೀಟಿಯಲ್ಲೇ ಇತ್ತು.

ಆದರೆ ನನ್ನ ತಪ್ಪು ಆ ಖರ್ಚಲ್ಲ, ತಾರೀಖು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಆ ವರ್ಷ 31 ಬಂದದ್ದು ಮಂಗಳವಾರ. ಹಬ್ಬ ಅಂದಮೇಲೆ ಆ ದಿನವೇ ಮಾಡಬೇಕು ಅನ್ನುವುದು ನನ್ನ ಲೆಕ್ಕ. ಇಲ್ಲಿನ ಕನ್ನಡ ಕೂಟದವರು ಯುಗಾದಿಯನ್ನೂ ಅನುಕೂಲ ನೋಡಿ ಶನಿವಾರಕ್ಕೆ ತಳ್ಳುತ್ತಾರೆ. ಅದನ್ನು ಕಣ್ಣಾರೆ ಕಂಡಿದ್ದರೂ ನನಗೆ ಹೊಳೆಯಲಿಲ್ಲ. ಹ್ಯಾಲೋವೀನ್ ದಿನ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಚಾಕೊಲೇಟ್ ಕೇಳಿಕೊಂಡು ಬರುತ್ತಾರೆ, ಅದು ನಿಮಗೂ ಗೊತ್ತು. ಅದಕ್ಕೆ ಆಯಾ ಊರಿನವರು ಹೊತ್ತು ಗೊತ್ತುಮಾಡಿರುತ್ತಾರೆ. ನಮ್ಮ ಕಡೆ ಸಂಜೆ 6ರಿಂದ 8. ಮಕ್ಕಳಿರುವವರು ಅವರ ಹಿಂದೆ ಬೀದಿ ಬೀದಿ ನಡೆಯಬೇಕು. ಮಕ್ಕಳಿಲ್ಲದವರು ಬುಟ್ಟಿ ತುಂಬ ಚಾಕೊಲೇಟ್ ಇಟ್ಟುಕೊಂಡು ಬಾಗಿಲಲ್ಲೇ ಕೂರಬೇಕು. ವರಾಂಡದ ದೀಪ ಉರಿಯುತ್ತಿದ್ದರೆ ಬನ್ನಿ ಅಂತ ಅರ್ಥ. ನಾನು ಎಲ್ಲರಿಗೂ ಹೇಳಿದ್ದು ಆರೂವರೆಗೆ! ಮಾರನೇ ದಿನ ಬುಧವಾರ, ಎಲ್ಲರಿಗೂ ಆಫೀಸು. ಬರುತ್ತೇವೆ ಅಂದವರು ಸುಳ್ಳು ಹೇಳಿರಲಿಲ್ಲ. ಒಂದು ತಿಂಗಳ ಮುಂಚೆ ಅವರಿಗೂ ಇದೆಲ್ಲ ನೆನಪಿಗೆ ಬಂದಿರಲಿಲ್ಲ, ಅಷ್ಟೇ.

ಆರೂವರೆಗೆ ಬೆಲ್ ಆಯಿತು. ಓಡಿ ಹೋಗಿ ಬಾಗಿಲು ತೆಗೆದರೆ ಮೊಣಕಾಲೆತ್ತರದ ಒಂದು ಡೈನೋಸಾರ್. ದಿಂಬಿನ ಕವರನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಿತ್ತು. ಚಾಕೊಲೇಟ್ ಹಾಕಿದೆ. ಮತ್ತೆ ಬೆಲ್, ಮತ್ತೆ ಓಡಿದೆ. ಈ ಸಲ ಇಬ್ಬರು ರಾಜಕುಮಾರಿಯರು. ಎಂಟು ಗಂಟೆವರೆಗೆ ಹೀಗೇ ನಡೆಯಿತು. ಪ್ರತಿ ಸಲವೂ ನೆಂಟರೇ ಬಂದರು ಅಂತ ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದೆ. ಕೊನೆಗೆ ಬಂದವರು ಆರು ಜನ. ಅದರಲ್ಲಿ ಒಬ್ಬ ಗೆಳತಿ ಮತ್ತು ಅವಳ ಗಂಡ ಎಂಟೂಮುಕ್ಕಾಲಿಗೆ ಬಂದರು, ಹೆಗಲ ಮೇಲೆ ನಿದ್ದೆ ಹೋದ ಮಗು. ಬಿಸಿಬೇಳೆಬಾತ್ ಅಷ್ಟರಲ್ಲಿ ಗಟ್ಟಿಯಾಗಿ ಸೌಟೇ ನಿಲ್ಲುವಂತಾಗಿತ್ತು. ಬಿಸಿನೀರು ಹಾಕಿ ಮತ್ತೆ ಕಲಸಿದೆ. ಉಳಿದದ್ದನ್ನು ಶುಕ್ರವಾರದವರೆಗೆ ಉಂಡೆವು.

ಮಾರನೇ ಬೆಳಗ್ಗೆ ನವೆಂಬರ್ 1. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು 50 ವರ್ಷ ತುಂಬಿದ ದಿನ. ಫೋನ್ ತುಂಬ ಹಳದಿ ಕೆಂಪು ಬಾವುಟ. ಹಾಲು ತರಲು ಹೋದವಳು ಅಂಗಡಿಯಲ್ಲಿ ನಿಂತುಬಿಟ್ಟೆ. ನಾನು 60 ಡಾಲರ್ ಕೊಟ್ಟಿದ್ದ ಅದೇ ಅಸ್ಥಿಪಂಜರ, ಮೇಲೆ ಅರ್ಧ ಬೆಲೆಯ ಚೀಟಿ. ಅಳು ಬಂತು. ಆದರೂ ಸುಮ್ನೆ ಬರಲಿಲ್ಲ. ಬ್ಯಾಟರಿಯ ಚಿಕ್ಕ ದೀಪಗಳು, ಪ್ಲೇಟು, ಲೋಟ ಅಂತ 11 ಡಾಲರ್ ಸಾಮಾನು ತಂದು ಸೂಟ್‌ಕೇಸಿನಲ್ಲಿಟ್ಟೆ.

ಮುಂದಿನ ವರ್ಷ ಅಕ್ಟೋಬರ್ 26, ಶನಿವಾರ, ಸಂಜೆ ಏಳಕ್ಕೆ ಕರೆದೆವು. 2024ರಲ್ಲಂತೂ 31ಕ್ಕೇ ನರಕ ಚತುರ್ದಶಿ, ಆ ದಿನ ಎಣ್ಣೆ ನೀರು ಬಿಟ್ಟು ದೆವ್ವದ ವೇಷ ಹಾಕಲು ಯಾರು ಬರುತ್ತಾರೆ? 14 ಜನ ಬಂದರು. ಮಕ್ಕಳನ್ನು ಯಾರ ಮನೆಯಲ್ಲಿ ಬಿಡಬೇಕು ಅಂತ ಅವರವರೇ ಮಾತಾಡಿಕೊಂಡಿದ್ದರು. ಶನಿವಾರವಾದ್ದರಿಂದ ಅದು ಆಯಿತು.

ಅಲಂಕಾರಕ್ಕೆ ನಾನು ಒಂದು ಡಾಲರ್ ಕೂಡ ಎತ್ತಿಡಲಿಲ್ಲ. ನೀವೂ ಎತ್ತಿಡಬೇಡಿ. ಕತ್ತಲೆ ಇದ್ದರೆ ಸಾಕು. ಮೇಲಿನ ಲೈಟೆಲ್ಲ ಆರಿಸಿ, ಸೋಫಾ ಮೇಲೆ ಬಿಳಿ ಪಂಚೆ ಹೊದೆಸಿ, ಕುಂಬಳಕಾಯಿಯೊಳಗೆ ಬ್ಯಾಟರಿ ದೀಪ ಇಟ್ಟೆ. ಕಾಯಿಯನ್ನು ಮಾತ್ರ ಎರಡು ದಿನಕ್ಕಿಂತ ಮುಂಚೆ ಕೊರೆಯಬೇಡಿ, ಬೂಷ್ಟು ಬರುತ್ತದೆ. ಬೀಜ ಬಿಸಾಡಬೇಡಿ. ತೊಳೆದು, ಒರೆಸಿ, ಎಣ್ಣೆ, ಉಪ್ಪು, ಖಾರದಪುಡಿ, ಚಿಟಿಕೆ ಇಂಗು ಸವರಿ ಓವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಪ್ಪತ್ತು ನಿಮಿಷ ಇಡಿ. ಅಂಗಡಿಯ ಚಿಪ್ಸ್ ಯಾರೂ ಮುಟ್ಟಲಿಲ್ಲ, ಇದು ಮೊದಲು ಖಾಲಿಯಾಯಿತು.

ಊಟಕ್ಕೆ ಒಂದೇ ದೊಡ್ಡ ಪಾತ್ರೆ ಬಿಸಿಬೇಳೆಬಾತ್, ಎಲ್ಲ ಬಂದಮೇಲೆ ಒಗ್ಗರಣೆ. ಕುಡಿಯಲು ಎರಡು ಗ್ಯಾಲನ್ ಆಪಲ್ ಸೈಡರ್ ತಂದು ಚಕ್ಕೆ ಲವಂಗ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ. ಇಲ್ಲಿ ಸೈಡರ್ ಅಂದರೆ ಸೋಸದ ಸೇಬಿನ ರಸ, ಅಮಲಿನದ್ದಲ್ಲ. ಬಿಯರ್, ವೈನ್ ಬೇಕಾದವರು ಅವರೇ ತನ್ನಿ ಅಂತ ಮೊದಲೇ ಹೇಳಿಬಿಟ್ಟೆ. ಇದರಲ್ಲಿ ಸಂಕೋಚ ಬೇಡ, ಇಲ್ಲಿ ಎಲ್ಲರೂ ಹಾಗೆ ಹೇಳುತ್ತಾರೆ. ವೇಷಕ್ಕೂ ಮನೆಯಲ್ಲಿದ್ದದ್ದೇ ಸಾಕು ಅಂದಿದ್ದೆ. ನಾನು ಬಿಳಿ ಸೀರೆ ಉಟ್ಟು ಕೂದಲು ಬಿಚ್ಚಿಕೊಂಡು ಮೋಹಿನಿ ಆದೆ.

ಆಟಗಳನ್ನು ಕೊಳ್ಳಬೇಡಿ. ಕತೆ ಹೇಳಿಸಿ. ಕುಂಬಳಕಾಯಿ ದೀಪದ ಸುತ್ತ ಕೂತು ಒಬ್ಬೊಬ್ಬರೂ ತಮ್ಮ ಊರಿನಲ್ಲಿ ಕೇಳಿದ ಒಂದು ದೆವ್ವದ ಕತೆ ಹೇಳಬೇಕು. ಈ ಕುಂಬಳಕಾಯಿ ದೀಪಕ್ಕಿರುವ ಜ್ಯಾಕ್ ಓ ಲ್ಯಾಂಟರ್ನ್ ಅನ್ನುವ ಹೆಸರು ಇಂಗ್ಲೆಂಡಿನಲ್ಲಿ ಜೌಗು ನೆಲದ ಮೇಲೆ ರಾತ್ರಿ ಹೊತ್ತು ಕಾಣುವ ಬೆಳಕಿಗೂ ಇತ್ತು. ಅಂದರೆ ನಮ್ಮ ಕೊಳ್ಳಿದೆವ್ವವೇ ಅಲ್ವಾ? ಅದನ್ನು ಹೇಳಿದ ಕೂಡಲೇ ಮಲೆನಾಡಿನ ಗೆಳೆಯರೊಬ್ಬರು ಗದ್ದೆಯಂಚಿನಲ್ಲಿ ತಮ್ಮಜ್ಜ ಕಂಡ ಬೆಳಕಿನ ಕತೆ ಶುರುಮಾಡಿದರು. ಪಕ್ಕದ ಮನೆಯ ಅಮೆರಿಕನ್ ಹೆಂಗಸು ಕಾಲು ಮಡಚಿ ಸೋಫಾ ಮೇಲೆ ಎತ್ತಿಟ್ಟುಕೊಂಡರು.

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿದ್ದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ನಮ್ಮ ವಠಾರದ ಬಾಗಿಲುಗಳ ಮೇಲೆಲ್ಲ ಇದೇ ಇತ್ತು. ರಾತ್ರಿ ದೆವ್ವ ಮನೆಯವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಇದನ್ನು ಓದಿದರೆ ವಾಪಸ್ ಹೋಗುತ್ತದೆ, ಮಾರನೇ ದಿನ ಮತ್ತೆ ಓದುತ್ತದೆ. ಈ ಕತೆಯನ್ನು ನಾನು ಹೇಳುತ್ತಿರುವಾಗಲೇ ಹೊರಗಿನಿಂದ ಬಾಗಿಲು ತಟ್ಟಿದ ಸದ್ದು. ಆಮೇಲೆ ಅಮ್ಮನ ಥರದ್ದೇ ಒಂದು ದನಿ: "ಪುಟ್ಟೀ, ಬಾಗಿಲು ತೆಗಿಯೇ." ಮನೆಯೊಳಗೆ ಯಾರೂ ಅಲುಗಲಿಲ್ಲ. ನನ್ನ ಕೈ ತಣ್ಣಗಾಗಿತ್ತು. ಕೊನೆಗೆ ನಮ್ಮನೆಯವರು ಬಾಗಿಲು ತೆಗೆದರೆ, ಹಿಂದಿನ ವರ್ಷ ಎಂಟೂಮುಕ್ಕಾಲಿಗೆ ಬಂದಿದ್ದ ಅದೇ ಗೆಳತಿ. ಬಾಗಿಲ ಮೇಲಿನ ಬರಹ ಓದಿ ಅವಳಿಗೂ ತನ್ನ ಬೀದಿ ನೆನಪಾಗಿತ್ತಂತೆ. ಆ ರಾತ್ರಿ ಒಂದು ಗಂಟೆಯವರೆಗೆ ಯಾರೂ ಏಳಲಿಲ್ಲ.

ಸೂಟ್‌ಕೇಸಿನ 11 ಡಾಲರ್ ಸೇರಿಸಿದರೂ ಒಟ್ಟು ಖರ್ಚು 80 ದಾಟಲಿಲ್ಲ. ನಿಮ್ಮ 150ರಲ್ಲಿ ಹೆಚ್ಚುಕಮ್ಮಿ ಅರ್ಧ ಉಳಿಯುತ್ತದೆ. ಇವತ್ತೇ ಎಲ್ಲರಿಗೂ ಮೆಸೇಜ್ ಹಾಕಿ, 31ರ ಹಿಂದಿನ ಶನಿವಾರಕ್ಕೆ ಬದಲಾಯಿಸಿದ್ದೀವಿ ಅಂತ ಹೇಳಿ. ಸೀಮೆಸುಣ್ಣ ಡಾಲರ್ ಅಂಗಡಿಯಲ್ಲಿ ಸಿಗುತ್ತದೆ. ಬಾಗಿಲು ಬಿಳಿ ಬಣ್ಣದ್ದಾದರೆ ಕೆಂಪು ತಗೊಳ್ಳಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.